ವಿಮಾನ ಕಂಪನಿಯ ಹೆಸರು: ದೊಡ್ಡಕ್ಷರ ಎಲ್ಲಿ, ಸಣ್ಣಕ್ಷರ ಎಲ್ಲಿ?

ಕೊಡಗಿನಲ್ಲಿ ವಿಮಾನ ನಿಲ್ದಾಣವಿಲ್ಲ. ಆದರೆ ವಿಮಾನ ಕಂಪನಿಗಳ ಹೆಸರು ಬರೆಯುವ ಸಂದರ್ಭಗಳಿಗೆ ಬರವಿಲ್ಲ. ಹೋಂಸ್ಟೇ ಕರಪತ್ರ, ಮದುವೆಗೆ ದುಬೈನಿಂದ ಬರುವ ನೆಂಟರ ಪಟ್ಟಿ, ಅತಿಥಿಗಳನ್ನು ಕರೆತರಲು ಮಾಕುಟ್ಟ ಘಾಟಿ ಇಳಿಯುವ ಟ್ಯಾಕ್ಸಿ ಚಾಲಕನಿಗೆ ಕಳುಹಿಸುವ ಸಂದೇಶ, ಹೀಗೆ ಎಲ್ಲೆಡೆ ಅವು ಬೇಕು. ಇಂಗ್ಲಿಷಿನಲ್ಲಿ ಬರೆಯುವಾಗ ಯಾವ ಅಕ್ಷರ ದೊಡ್ಡದಿರಬೇಕು ಎಂಬ ತಲೆನೋವೇ ಬೇಡವೆಂದು ಬಹಳ ಮಂದಿ ಇಡೀ ಹೆಸರನ್ನು ದೊಡ್ಡಕ್ಷರಗಳಲ್ಲೇ ಬರೆದುಬಿಡುತ್ತಾರೆ. ಆಗ ಯಾವುದು ಹೆಸರು, ಯಾವುದು ಸಂಕ್ಷೇಪ ಎಂಬುದೇ ತಿಳಿಯುವುದಿಲ್ಲ.

ಮೊದಲು, ಅದು ನಿಜಕ್ಕೂ ಸಂಕ್ಷೇಪವೇ ನೋಡಿ

1919ರಲ್ಲಿ ಹುಟ್ಟಿದ ಕೆಎಲ್‌ಎಂ ನಿಜವಾದ ಸಂಕ್ಷೇಪ. ರಾಜಮನ್ನಣೆಯ ವಿಮಾನಯಾನ ಕಂಪನಿ ಎಂಬರ್ಥದ ಮೂರು ಡಚ್ ಪದಗಳ ಮೊದಲಕ್ಷರಗಳವು. ಅಕ್ಷರಗಳನ್ನು ಒಂದೊಂದಾಗಿ ಉಚ್ಚರಿಸುತ್ತೇವೆ, ಮೂರನ್ನೂ ದೊಡ್ಡದಾಗಿ ಬರೆಯುತ್ತೇವೆ. ಆಸ್ಟ್ರೇಲಿಯಾದ ಕ್ವಾಂಟಾಸ್ ಕೂಡ ಮೊದಲಕ್ಷರಗಳಿಂದಲೇ ಆದದ್ದು: ಕ್ವೀನ್ಸ್‌ಲ್ಯಾಂಡ್ ಅಂಡ್ ನಾರ್ದರ್ನ್ ಟೆರಿಟರಿ ಏರಿಯಲ್ ಸರ್ವಿಸಸ್, 1920. 'ಕ್ಯೂ' ಪಕ್ಕದಲ್ಲಿ 'ಯು' ಇಲ್ಲದಿರುವುದಕ್ಕೆ ಕಾರಣ ಇದೇ. ಅದನ್ನು ಸೇರಿಸಿ 'ತಿದ್ದಲು' ಹೋಗಬೇಡಿ. ಆದರೆ ಅದನ್ನು ಒಂದೇ ಪದವಾಗಿ ಓದುವುದರಿಂದ ಈಗ ಮೊದಲಕ್ಷರ ಮಾತ್ರ ದೊಡ್ಡದು. ಗಾರ್ಡಿಯನ್‌ನಂಥ ಬ್ರಿಟಿಷ್ ಪತ್ರಿಕೆ ನಾಸಾ, ಯುನೆಸ್ಕೊಗಳಿಗೂ ಇದೇ ಕ್ರಮ ಅನುಸರಿಸುತ್ತದೆ.

ಮೋಸ ಮಾಡುವುದು ಪೋಲೆಂಡಿನ ಲಾಟ್. ಮೂರೂ ದೊಡ್ಡಕ್ಷರ ಕಂಡ ತಕ್ಷಣ ವಿಸ್ತೃತ ರೂಪ ಹುಡುಕಲು ಹೊರಟರೆ ಸಿಗುವುದಿಲ್ಲ. ಅದು ಹಾರಾಟ ಎಂಬರ್ಥದ ಪೋಲಿಷ್ ಪದ, ಅಷ್ಟೇ. ಎಮಿರೇಟ್ಸ್, ಎತಿಹಾದ್‌ಗಳೂ ಸಂಕ್ಷೇಪಗಳಲ್ಲ. ನೆಂಟರ ಪಟ್ಟಿಯಲ್ಲಿ ಅವನ್ನು ಪೂರ್ತಿ ದೊಡ್ಡಕ್ಷರಗಳಲ್ಲಿ ಬರೆಯುವ ಅಗತ್ಯವೇ ಇಲ್ಲ.

ನಂತರ, ಕಂಪನಿಯ ಶೋಕಿ ಎಷ್ಟೆಂದು ಅಳೆಯಿರಿ

ಇಂಡಿಗೊ ಹೆಸರಿನ ನಡುವಿನ 'ಜಿ' ದೊಡ್ಡದು. ಸಣ್ಣದು ಮಾಡಿದರೆ ಬರೀ ನೀಲಿ ಬಣ್ಣವಾಗುತ್ತದೆ, ಆದ್ದರಿಂದ ಉಳಿಸಿಕೊಳ್ಳುವುದು ವಾಸಿ. ಸ್ಪೈಸ್‌ಜೆಟ್‌ನ 'ಜೆ'ಯೂ ಹಾಗೆಯೇ, ನಡುವೆ ಜಾಗ ಬಿಡಬೇಡಿ. ಬ್ರಿಟನ್ನಿನ ಈಸಿಜೆಟ್ ಮೊದಲಕ್ಷರವನ್ನೇ ಸಣ್ಣದಾಗಿಟ್ಟುಕೊಂಡಿದೆ. ಫ್ಲೈದುಬೈಯಂತೂ ಊರಿನ ಹೆಸರಿಗೂ ದೊಡ್ಡಕ್ಷರ ಕೊಟ್ಟಿಲ್ಲ. ಇಂಥ ಹೆಸರಿನಿಂದ ವಾಕ್ಯ ಆರಂಭಿಸದಿದ್ದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಆರಂಭಿಸಲೇಬೇಕಾದರೆ ನಾನಂತೂ ದೊಡ್ಡಕ್ಷರವನ್ನೇ ಹಾಕುತ್ತೇನೆ. ಲೋಗೊ ಕಂಪನಿಯ ಅಲಂಕಾರ, ವಾಕ್ಯ ನಮ್ಮದು.

ಕೋಡ್ ಬೇರೆ, ಹೆಸರು ಬೇರೆ

ಟಿಕೆಟ್‌ನಲ್ಲಿರುವ ಎರಡಕ್ಷರದ ಕೋಡ್ ಯಾವಾಗಲೂ ದೊಡ್ಡಕ್ಷರ. ಆದರೆ ಹೆಸರಿಗೂ ಅದಕ್ಕೂ ಸಂಬಂಧ ಇರಲೇಬೇಕೆಂದಿಲ್ಲ: ಏರ್ ಇಂಡಿಯಾಗೆ ಎಐ ಸರಿ, ಇಂಡಿಗೊಗೆ 6ಇ, ಆಕಾಸ ಏರ್‌ಗೆ ಕ್ಯೂಪಿ. ಮಂಗಳೂರಿನ ಟಿಕೆಟ್ ಹಿಡಿದವರು ಇನ್ನೂ ಎಚ್ಚರವಾಗಿರಬೇಕು. ಐಎಕ್ಸ್ ಎಂದರೆ ಏರ್ ಇಂಡಿಯಾ ಎಕ್ಸ್‌ಪ್ರೆಸ್. ಐಎಕ್ಸ್‌ಇ ಎಂದರೆ ಮಂಗಳೂರು ನಿಲ್ದಾಣ. ಮಟ್ಟನ್ನೂರಿನಲ್ಲಿ 2018ರ ಡಿಸೆಂಬರಿನಲ್ಲಿ ಆರಂಭವಾದ ಕಣ್ಣೂರು ನಿಲ್ದಾಣದ ಕೋಡ್ ಸಿಎನ್‌ಎನ್, ಟಿವಿ ವಾಹಿನಿಯ ಹೆಸರೇ. ಕರಪತ್ರದಲ್ಲಿ ಪೂರ್ಣ ಹೆಸರು ಬರೆಯಿರಿ. ಚಾಲಕನಿಗೆ ಮಾತ್ರ ಕೋಡ್ ಸಹಿತ ವಿಮಾನ ಸಂಖ್ಯೆ ಕಳುಹಿಸಿ, ಆಗಮನದ ಫಲಕದಲ್ಲಿ ಅವನು ಹುಡುಕುವುದು ಅದನ್ನೇ.

ಕನ್ನಡದಲ್ಲಿ ಬರೆಯುವಾಗ

ನಮ್ಮ ಲಿಪಿಯಲ್ಲಿ ದೊಡ್ಡಕ್ಷರವೇ ಇಲ್ಲ, ಉಚ್ಚಾರಣೆಯೇ ಆಧಾರ. ಕೆಎಲ್‌ಎಂ ಅಥವಾ ಕೆ.ಎಲ್.ಎಂ., ಎರಡೂ ನಡೆಯುತ್ತವೆ. ಒಂದೇ ಪುಟದಲ್ಲಿ ಎರಡನ್ನೂ ಬಳಸಬೇಡಿ.

ಹಳೆಯ ಕರಪತ್ರವನ್ನು ಮರುಮುದ್ರಿಸುವ ಮುನ್ನ ಹೆಸರು ಬದುಕಿದೆಯೇ ನೋಡಿ. ಜೆಟ್ ಏರ್‌ವೇಸ್ 2019ರಲ್ಲೇ ಹಾರಾಟ ನಿಲ್ಲಿಸಿತು. ವಿಸ್ತಾರ 2024ರ ನವೆಂಬರಿನಲ್ಲಿ ಏರ್ ಇಂಡಿಯಾದಲ್ಲಿ ವಿಲೀನವಾಯಿತು. ಅತಿಥಿಗಳು ಬಸ್ಸಿನಲ್ಲಿ ಬರುವುದಾದರೆ 'ಕೆಎಸ್‌ಆರ್‌ಟಿಸಿ' ಎಂದಷ್ಟೇ ಬರೆದು ಕೈತೊಳೆದುಕೊಳ್ಳಬೇಡಿ. ವಿರಾಜಪೇಟೆ, ಗೋಣಿಕೊಪ್ಪಗಳ ದಾರಿಯಲ್ಲಿ ಆ ಹೆಸರಿನ ಕೇರಳದ ಬಸ್ಸೂ ಓಡುತ್ತದೆ, ಕರ್ನಾಟಕದ್ದೂ ಓಡುತ್ತದೆ. ಹೆಸರಿಗಾಗಿ ಎರಡೂ ನಿಗಮಗಳು ಕಾದಾಡಿ, ಕೇರಳದ ಅರ್ಜಿಯನ್ನು ಮದ್ರಾಸ್ ಹೈಕೋರ್ಟ್ 2023ರ ಡಿಸೆಂಬರಿನಲ್ಲಿ ವಜಾ ಮಾಡಿತು. ಯಾವ ರಾಜ್ಯದ ಬಸ್ ಎಂಬುದನ್ನು ಮುಂದೆ ಸೇರಿಸಿಬಿಡಿ.