ಫೋನಿನ ಆ ಕಡೆ ಹೆಂಡತಿಗೆ ಸ್ಟ್ರೋಕ್ ಆದಾಗ

ನಾನು ದುಬೈನ ಅಲ್ ಕೂಝ್‌ನಲ್ಲಿ ಒಂದು ವರ್ಕ್‌ಶಾಪಿನ ಸೂಪರ್‌ವೈಸರ್. ಹೆಂಡತಿ, ಮಗಳು ಇರುವುದು ಹುಬ್ಬಳ್ಳಿ ನವನಗರದಲ್ಲಿ. ಇಲ್ಲಿ ವಾಟ್ಸಾಪ್ ಕಾಲ್ ನಡೆಯುವುದಿಲ್ಲ, ಹಾಗಾಗಿ ನಮ್ಮ ಸಂಸಾರವೆಲ್ಲ ಬೋಟಿಮ್ ಅನ್ನುವ ಕಾಲಿಂಗ್ ಆ್ಯಪ್ ಮೇಲೆ. ದಿನಾ ಬೆಳಿಗ್ಗೆ ನಾನು ಬಸ್ ಹತ್ತುವ ಮುಂಚೆ ಒಂದು ವಿಡಿಯೊ ಕಾಲ್, ರಾತ್ರಿ ಇನ್ನೊಂದು.

ಆ ದಿನ ಬೆಳಗಿನ ಕಾಲ್‌ನಲ್ಲಿ ಮಗಳ ಫೀಸಿನ ವಿಷಯ ಮಾತಾಡುತ್ತಿದ್ದೆವು. ನಡುವೆ ಅವಳ ಮಾತು ತೊದಲಿತು. ನೆಟ್‌ವರ್ಕ್ ಇರಬೇಕು ಅನಿಸಿತು, ಆದರೆ ಹಿಂದೆ ಕುಕ್ಕರ್ ಸೀಟಿ ಸ್ಪಷ್ಟವಾಗಿ ಕೇಳುತ್ತಿತ್ತು. "ಯಾಕ, ಹಿಂಗ್ಯಾಕ ಮಾತಾಡಾಕತ್ತಿ?" ಅಂದೆ. ನಕ್ಕಳು. ನಗು ಒಂದೇ ಕಡೆ ಬಂತು, ಬಲಗಡೆ ತುಟಿ ಕೆಳಗೇ ಉಳಿಯಿತು. ಎರಡೂ ಕೈ ಮೇಲೆತ್ತು ಅಂದೆ. ಬಲಗೈ ಅರ್ಧಕ್ಕೆ ಬಂದು ನಿಧಾನವಾಗಿ ಇಳಿಯಿತು. ಅವಳಿಗೆ ಅದು ಗೊತ್ತೇ ಆಗಲಿಲ್ಲ. ಹಾರ್ಟ್ ಅಟ್ಯಾಕ್ ಆದರೆ ಎದೆ ನೋಯುತ್ತದೆ, ಸ್ಟ್ರೋಕ್ ಅಂದರೆ ಲಕ್ವ ಸಾಮಾನ್ಯವಾಗಿ ನೋಯುವುದಿಲ್ಲ. ಅದಕ್ಕೇ ಜನ "ಸ್ವಲ್ಪ ಮಲಗಿ ಏಳ್ತೀನಿ" ಅಂತ ಮಲಗಿಬಿಡುತ್ತಾರೆ. ನಮ್ಮ ವರ್ಕ್‌ಶಾಪಿನಲ್ಲಿ ಫಸ್ಟ್ ಏಡ್ ತರಬೇತಿ ಕೊಟ್ಟಿದ್ದರಿಂದ ಮುಖ, ಕೈ, ಮಾತು ಈ ಮೂರನ್ನು ನೋಡಬೇಕು ಅನ್ನುವುದು ತಲೆಯಲ್ಲಿತ್ತು.

ನನ್ನ ಗಡಿಯಾರದಲ್ಲಿ 7.10. ಹುಬ್ಬಳ್ಳಿಯಲ್ಲಿ 8.40. ಈ ಒಂದೂವರೆ ಗಂಟೆಯ ವ್ಯತ್ಯಾಸವನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದನ್ನು ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೇ ಕೊಡಬೇಕು. ಆ ಲೆಕ್ಕ ಶುರುವಾಗುವುದು ಆಸ್ಪತ್ರೆ ಮುಟ್ಟಿದಾಗ ಅಲ್ಲ, ರೋಗಿ ಕೊನೆಯ ಸಲ ಸರಿಯಾಗಿ ಇದ್ದದ್ದನ್ನು ಯಾರಾದರೂ ನೋಡಿದಾಗ. ಆ ಹೊತ್ತನ್ನು ನೋಡಿದವನು ನಾನೊಬ್ಬನೇ, ಅದೂ ಸಮುದ್ರದಾಚೆ ಕೂತು. ಕ್ಯಾಲೆಂಡರಿನ ಹಾಳೆ ಹರಿದು "ಭಾರತದ ಟೈಮ್ 8.40" ಅಂತ ಬರೆದುಕೊಂಡೆ. ಮುಂದೆ ಫೋನ್ ಮಾಡಿದ ಪ್ರತಿಯೊಬ್ಬರಿಗೂ ಅದನ್ನೇ ಓದಿ ಹೇಳಿದೆ.

ದುಬೈನಿಂದ 108 ಒತ್ತಿದರೆ ನಮ್ಮೂರಿನ ಆಂಬುಲೆನ್ಸಿಗೆ ಹೋಗುವುದಿಲ್ಲ, 112 ಕೂಡ ಅಷ್ಟೆ. ಹೊರದೇಶದಲ್ಲಿ ಇರುವವರಿಗೆ ಪಕ್ಕದ ಮನೆಯವರ ನಂಬರೇ 108. ನಮ್ಮ ಮೇಲಿನ ಮನೆಯಲ್ಲಿ ರಿಟೈರ್ಡ್ ರೈಲ್ವೆಯವರೊಬ್ಬರಿದ್ದಾರೆ, ಕಾರಿದೆ. ಅವರಿಗೆ ಫೋನ್ ಮಾಡಿದೆ, ಬೋಟಿಮ್ ಕಾಲ್ ಹಾಗೇ ಬಿಟ್ಟಿದ್ದೆ. ಅವರು ಮೊದಲು ಓಣಿಯ ನರ್ಸಿಂಗ್ ಹೋಂಗೆ ಹೋಗಿ ಬಿಪಿ ನೋಡಿಸೋಣ ಅಂದರು. ಬೇಡ ಅಂದೆ. ಸ್ಟ್ರೋಕ್‌ನಲ್ಲಿ ಮೊದಲು ಬೇಕಾದದ್ದು ಸಿ.ಟಿ. ಸ್ಕ್ಯಾನ್. ಒಳಗೆ ರಕ್ತ ಹೆಪ್ಪುಗಟ್ಟಿದೆಯೋ, ನಾಳ ಒಡೆದಿದೆಯೋ ಗೊತ್ತಾಗದೆ ಒಂದು ಆಸ್ಪಿರಿನ್ ಗುಳಿಗೆ ಕೂಡ ಕೊಡುವ ಹಾಗಿಲ್ಲ. ನವನಗರದವರ ಪುಣ್ಯ, ಅದೇ ರಸ್ತೆಯಲ್ಲಿ ಒಂದು ಕಡೆ ಹೋದರೆ ವಿದ್ಯಾನಗರದ ಕಿಮ್ಸ್ ಆಸ್ಪತ್ರೆ, ಇನ್ನೊಂದು ಕಡೆ ಹೋದರೆ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆ. ಕಾರು ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನ ದಾರಿಯ ಪಕ್ಕದಲ್ಲೇ ಓಡಿತು. ಮಗಳು ಹಿಂದಿನ ಸೀಟಿನಲ್ಲಿ ಅಮ್ಮನ ತಲೆ ಹಿಡಿದು ಕೂತಿದ್ದಳು.

ಆಸ್ಪತ್ರೆ ಮುಟ್ಟುವಷ್ಟರಲ್ಲಿ ನಾನು ಮಾಡಿದ್ದು ಒಂದೇ ಕೆಲಸ. ಒಂದು ಮೆಸೇಜ್ ಬರೆದೆ. ಹೆಸರು, ವಯಸ್ಸು, ಶುರುವಾದ ಟೈಮ್, ಬಿಪಿ ಗುಳಿಗೆಯ ಹೆಸರು, ಯಾವ ಔಷಧಿ ಅವಳಿಗೆ ಒಗ್ಗುವುದಿಲ್ಲ, ರಕ್ತ ತೆಳುಮಾಡುವ ಗುಳಿಗೆ ಇಲ್ಲ, ಇತ್ತೀಚೆಗೆ ಆಪರೇಷನ್ ಆಗಿಲ್ಲ. ಎಮರ್ಜೆನ್ಸಿ ಡಾಕ್ಟರು ಕೇಳಿದ್ದು ಅಷ್ಟನ್ನೇ. ಮಗಳು ಫೋನ್ ಅವರ ಮುಂದೆ ಹಿಡಿದಳಂತೆ.

ಸ್ಕ್ಯಾನಿನಲ್ಲಿ ರಕ್ತಸ್ರಾವ ಇರಲಿಲ್ಲ. ಇಂಜೆಕ್ಷನ್ ಕೊಡಬಹುದು, ಆದರೆ ನೂರಕ್ಕೆ ಸುಮಾರು ಆರು ಮಂದಿಗೆ ಅದರಿಂದಲೇ ಮೆದುಳಿನಲ್ಲಿ ರಕ್ತ ಬರುವ ಅಪಾಯ ಇದೆ ಅಂತ ಡಾಕ್ಟರು ಸ್ಪೀಕರ್ ಫೋನಿನಲ್ಲಿ ಹೇಳಿದರು. ಅಷ್ಟೊತ್ತಿಗೆ ಅಣ್ಣಿಗೇರಿಯಿಂದ ನನ್ನ ಮೈದುನ ಬಂದಿದ್ದ. ನಾನು ಹೂಂ ಅಂದೆ, ಅವನು ಸಹಿ ಹಾಕಿದ. ಹತ್ತನೇ ಒಂದು ಭಾಗ ಔಷಧಿ ಒಮ್ಮೆಗೇ, ಉಳಿದದ್ದು ಒಂದು ಗಂಟೆ ಹನಿ ಹನಿಯಾಗಿ. ಆ ಒಂದು ಗಂಟೆ ನಾನು ವರ್ಕ್‌ಶಾಪಿನ ಟಾಯ್ಲೆಟ್ ಪಕ್ಕದ ಮೆಟ್ಟಿಲ ಮೇಲೆ ಕೂತಿದ್ದೆ. ನೆರಳು ಇದ್ದದ್ದು ಅಲ್ಲಿ ಮಾತ್ರ.

ಆಮೇಲೆ ಶುರುವಾಯಿತು ನೆಂಟರ ಫೋನು. ಪ್ರೀತಿಯಿಂದಲೇ ಮಾಡುತ್ತಾರೆ, ಬೈಯುವ ಹಾಗಿಲ್ಲ. ಆದರೆ ಮೈದುನನ ಫೋನ್ ಚಾರ್ಜ್ ಮುಗಿಯುವುದು ಅದರಲ್ಲೇ. ಅದಕ್ಕೇ ನಾನೊಂದು ಗ್ರೂಪ್ ಮಾಡಿದೆ. ಸುದ್ದಿ ಏನಿದ್ದರೂ ನನ್ನನ್ನು ಕೇಳಿ, ಆಸ್ಪತ್ರೆಯಲ್ಲಿ ಇರುವವರಿಗೆ ಯಾರೂ ಫೋನ್ ಮಾಡಬೇಡಿ ಅಂತ ಬರೆದೆ. ದೂರ ಇರುವವನು ಕೈಯಾರೆ ಮಾಡಬಹುದಾದ ಸೇವೆ ಇದು. ಹತ್ತಿರ ಇರುವವರಿಗೆ ದಾರಿ ಬಿಡಿಸಿಕೊಡುವುದು.

ದೊಡ್ಡಮ್ಮ ಸಿದ್ಧಾರೂಢ ಮಠದಿಂದ ತೀರ್ಥ ತಂದಿದ್ದರು. ಬಾಯಿಗೆ ಒಂದು ಹನಿ ಹಾಕಲೇಬೇಕು ಅಂತ ಹಟ. ನರ್ಸ್ ತಡೆದರು. ಸ್ಟ್ರೋಕ್ ಆದವರಿಗೆ ನುಂಗುವ ಶಕ್ತಿ ಹೇಗಿದೆ ಅಂತ ಪರೀಕ್ಷೆ ಮಾಡುವ ತನಕ ಒಂದು ಚಮಚ ನೀರೂ ಕೊಡುವ ಹಾಗಿಲ್ಲ. ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ದೊಡ್ಡಮ್ಮನಿಗೆ ಸಿಟ್ಟು ಬಂತು. "ಹಣೀಗೆ ಹಚ್ಚ್ರಿ ದೊಡ್ಡಮ್ಮ, ಸಿದ್ಧಾರೂಢ ಅಜ್ಜ ಅಲ್ಲಿಂದನ ನೋಡ್ಕೋತಾನ" ಅಂತ ನಾನು ಫೋನಿನಲ್ಲೇ ಹೇಳಿದ ಮೇಲೆ ಒಪ್ಪಿದರು.

ದುಡ್ಡಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಸಿಕ್ಕಿಕೊಳ್ಳುವುದು ಇಲ್ಲೇ. ಗಲ್ಫ್ ಕಂಪನಿಗಳ ಇನ್ಶೂರೆನ್ಸ್ ಸಾಮಾನ್ಯವಾಗಿ ಊರಲ್ಲಿರುವ ಹೆಂಡತಿಗೆ ಬರುವುದಿಲ್ಲ. ನಾವು ಇಂಡಿಯಾದಲ್ಲೇ ಬೇರೆ ಪಾಲಿಸಿ ಮಾಡಿಸಿದ್ದೆವು. ಆ ಕಾರ್ಡು, ಆಧಾರ್ ಎಲ್ಲ ಅವಳ ಫೋನಿನಲ್ಲಿ. ಫೋನ್ ತೆರೆಯುವುದು ಅವಳ ಬಲ ಹೆಬ್ಬೆರಳಿಗೆ. ಅಮ್ಮನಿಗೆ ಹೇಳಿ, ಜೋಲು ಬಿದ್ದಿದ್ದ ಆ ಕೈಯನ್ನು ಮಗಳು ಎತ್ತಿ, ಬೆರಳನ್ನು ಸೆರಗಿನಿಂದ ಒರೆಸಿ, ಪರದೆಗೆ ಒತ್ತಿದಳು. ಎರಡನೇ ಸಲಕ್ಕೆ ತೆರೆಯಿತು. ಆಮೇಲೆ ಮೊದಲು ಮಾಡಿದ ಕೆಲಸ ಮಗಳ ಬೆರಳನ್ನೂ ಅದರಲ್ಲಿ ಸೇರಿಸಿದ್ದು.

2024ರಿಂದ ಐಆರ್‌ಡಿಎಐ, ಅಂದರೆ ಇನ್ಶೂರೆನ್ಸ್ ಕಂಪನಿಗಳ ಮೇಲಿನ ಸರ್ಕಾರಿ ಪ್ರಾಧಿಕಾರದ ನಿಯಮ ಇದೆ. ಕ್ಯಾಶ್‌ಲೆಸ್ ಅರ್ಜಿಗೆ (ಬಿಲ್ಲನ್ನು ಕಂಪನಿಯೇ ನೇರ ಆಸ್ಪತ್ರೆಗೆ ಕಟ್ಟಲಿ ಅನ್ನುವುದು) ಇನ್ಶೂರೆನ್ಸ್ ಕಂಪನಿ ಒಂದು ಗಂಟೆಯೊಳಗೆ ಉತ್ತರ ಕೊಡಬೇಕು, ಡಿಸ್ಚಾರ್ಜ್ ಬಿಲ್ಲಿಗೆ ಮೂರು ಗಂಟೆಯೊಳಗೆ. ನಮಗೆ ಉತ್ತರ ತಡವಾಯಿತು. ನಿಯಮದ ಹೆಸರು ಹೇಳಿ ಮೇಲ್ ಹಾಕಿದ ಮೇಲೆ ಫೈಲು ಅಲುಗಾಡಿತು. ಅದರ ಮಧ್ಯೆ ಕಟ್ಟಬೇಕಾದ ಅಡ್ವಾನ್ಸನ್ನು ನಾನೇ ಕಟ್ಟಿದೆ. ಮೈದುನ ಕೌಂಟರಿನ ಕ್ಯೂಆರ್ ಕೋಡ್ ಫೋಟೊ ಕಳಿಸಿದ, ಇಲ್ಲಿಂದ ಸ್ಕ್ಯಾನ್ ಮಾಡಿದೆ. ಯುಎಇ ನಂಬರಿಗೆ ಎನ್‌ಆರ್‌ಇ (ಅನಿವಾಸಿ ಭಾರತೀಯರ) ಖಾತೆ ಜೋಡಿಸಿ ಯುಪಿಐ ಬಳಸಲು 2023ರಿಂದ ಅವಕಾಶ ಇದೆ, ಆದರೆ ಬ್ಯಾಂಕಿನಲ್ಲಿ ಮೊದಲೇ ಮಾಡಿಸಿಟ್ಟಿರಬೇಕು. ಆಸ್ಪತ್ರೆಗೆ ಯುಪಿಐನಲ್ಲಿ ಒಮ್ಮೆಗೆ ಐದು ಲಕ್ಷದವರೆಗೆ ಕಳಿಸಬಹುದು ಅಂತ ರಿಸರ್ವ್ ಬ್ಯಾಂಕ್ ಮಿತಿ ಏರಿಸಿದ್ದೂ ಆ ವರ್ಷವೇ.

ರಜೆ? ಯುಎಇ ಕಾನೂನಿನಲ್ಲಿ ಹೆಂಡತಿ ತೀರಿಕೊಂಡರೆ ಸಂಬಳ ಸಹಿತ ಐದು ದಿನ ರಜೆ ಇದೆ. ಕಾಯಿಲೆ ಬಿದ್ದರೆ ಅಂತ ಒಂದು ಸಾಲೂ ಇಲ್ಲ. ವಾರ್ಷಿಕ ರಜೆಯನ್ನೇ ಮುಂಚಿತವಾಗಿ ಕೇಳಬೇಕು. ನನ್ನ ಮ್ಯಾನೇಜರ್ ಒಳ್ಳೆಯವನು, ಕೊಟ್ಟ. ಪಾಸ್‌ಪೋರ್ಟ್ ನನ್ನ ಹತ್ತಿರವೇ ಇತ್ತು. ಕಂಪನಿ ಇಟ್ಟುಕೊಳ್ಳುವುದು ಇಲ್ಲಿ ಕಾನೂನಿಗೆ ವಿರುದ್ಧ, ಆದರೂ ಎಷ್ಟೋ ಜನರದ್ದು ಕಂಪನಿ ಕಪಾಟಿನಲ್ಲೇ ಇರುತ್ತೆ, ಅಲ್ವಾ. ಹುಬ್ಬಳ್ಳಿಗೆ ದುಬೈನಿಂದ ನೇರ ವಿಮಾನ ಇಲ್ಲ. ಸಿಕ್ಕಿದ್ದು ಗೋವಾ ಟಿಕೆಟ್. ಹತ್ತುವ ಮುಂಚೆ ಮೈದುನನಿಗೆ ಬರೆದೆ: "ನಾನು ಆಕಾಶದಲ್ಲಿ ಇರುವಾಗ ಡಾಕ್ಟರು ಏನು ಕೇಳಿದರೂ ನೀನೇ ನಿರ್ಧಾರ ಮಾಡು, ಆಮೇಲೆ ನಾನು ಒಂದು ಮಾತೂ ಕೇಳುವುದಿಲ್ಲ." ಅವನಿಗೆ ಅದು ಬೇಕಾಗಿತ್ತು. ಗೋವಾದಿಂದ ಘಟ್ಟ ಹತ್ತಿ ಧಾರವಾಡ ಮುಟ್ಟುವ ತನಕ ಟ್ಯಾಕ್ಸಿಯವನು ರಾಜಕೀಯ ಮಾತಾಡಿದ. ಒಳ್ಳೆಯದೇ ಆಯಿತು.

ಅವಳಿಗೆ ಕಾಲಿನ ಶಕ್ತಿ ಬೇಗ ವಾಪಸ್ ಬಂತು, ಕೈಯದು ಅರ್ಧ, ಮಾತು ತುಂಬಾ ತಡ. ಗುರುತು ಹಿಡಿಯುತ್ತಾಳೆ, ನಗುತ್ತಾಳೆ, ಹೆಸರು ಬಾಯಿಗೆ ಬರುವುದಿಲ್ಲ. ಆದರೆ ಮಗಳು "ಎರಡೊಂದ್ಲಾ" ಅಂತ ಶುರು ಮಾಡಿದರೆ ಎರಡರ ಮಗ್ಗಿ ಸರಾಗವಾಗಿ ಹೇಳುತ್ತಿದ್ದಳು. ವಾರದ ಹೆಸರುಗಳೂ ಹಾಗೇ. ಬಾಯಿಪಾಠ ಆದದ್ದು ಎಷ್ಟೋ ಸಲ ಹೀಗೆ ಉಳಿಯುತ್ತದೆ, ಹುಡುಕಿ ಹೇಳಬೇಕಾದ ಮಾತು ಮಾತ್ರ ಸಿಗುವುದಿಲ್ಲ ಅಂತ ಸ್ಪೀಚ್ ಥೆರಪಿಸ್ಟ್ ವಿವರಿಸಿದರು. ಮಗ್ಗಿಯಿಂದ ವಾರಕ್ಕೆ, ವಾರದಿಂದ ಅಡುಗೆಮನೆ ಸಾಮಾನಿಗೆ ಹೋಗಿ ಅಂದರು. ಮೊದಲ ಮೂರು ತಿಂಗಳಲ್ಲಿ ಸುಧಾರಣೆ ಜಾಸ್ತಿ, ಒಂದು ದಿನವೂ ಬಿಡಬೇಡಿ ಅಂದರು.

ಯುಎಇ ಹೊರಗೆ ಆರು ತಿಂಗಳ ಮೇಲೆ ಇದ್ದರೆ ವೀಸಾ ಹೋಗುತ್ತದೆ. ರಜೆ ಅದಕ್ಕಿಂತ ಎಷ್ಟೋ ಮೊದಲೇ ಮುಗಿಯಿತು, ವಾಪಸ್ ಬಂದೆ. ಈಗ ಅದೇ ಬೋಟಿಮ್ ಮೇಲೆ ಪಾಠ. ನಾನು ಇಲ್ಲಿ ಲುಲು ಸೂಪರ್‌ಮಾರ್ಕೆಟ್ಟಿನಿಂದ ತಂದ ತರಕಾರಿ ತೋರಿಸಬೇಕು, ಅವಳು ಹೆಸರು ಹೇಳಬೇಕು. ಒಂದಷ್ಟು ದಿನ ಎಲ್ಲವೂ ಬದನೆಕಾಯಿಯೇ. ಟೊಮ್ಯಾಟೊ ಬದನೆಕಾಯಿ, ಸೌತೆಕಾಯಿ ಬದನೆಕಾಯಿ. ತಪ್ಪು ಅಂತ ಅವಳಿಗೇ ಗೊತ್ತಾಗಿ ಸಿಟ್ಟು ಬರುತ್ತಿತ್ತು, ಫೋನ್ ಕಟ್ ಮಾಡುತ್ತಿದ್ದಳು. ಈಗ ಹತ್ತು ತೋರಿಸಿದರೆ ಎಂಟಕ್ಕೆ ಸರಿ ಹೇಳುತ್ತಾಳೆ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ, ಮಗಳು ಪುಸ್ತಕದಲ್ಲಿ ಬರೆದಿಡುತ್ತಾಳೆ.

ದುಬೈಗೆ ಕರೆಸಿಕೊಳ್ಳಲಾ ಅಂತ ಕೇಳಿದೆ. ತಲೆ ಅಲ್ಲಾಡಿಸಿದಳು. ಫಿಸಿಯೊಥೆರಪಿಯವರು, ಕನ್ನಡದಲ್ಲಿ ಮಾತು ಕಲಿಸುವವರು, ಮೇಲಿನ ಮನೆಯ ರೈಲ್ವೆ ಕಾಕಾ, ಎಲ್ಲರೂ ಇರುವುದು ಅಲ್ಲೇ. ಹಾಗಾಗಿ ನಾನೇ ಹುಬ್ಬಳ್ಳಿ, ಬೆಳಗಾವಿ ಕಡೆ ಕೆಲಸ ನೋಡುತ್ತಿದ್ದೇನೆ. ಸಂಬಳ ಕಡಿಮೆ ಬರುತ್ತದೆ. ಗೋಕುಲ ರಸ್ತೆಯ ಒಂದು ಕಾರ್ಖಾನೆಯಿಂದ ಇಂಟರ್‌ವ್ಯೂಗೆ ಕರೆದಿದ್ದಾರೆ, ಅದೂ ವಿಡಿಯೊ ಕಾಲ್‌ನಲ್ಲೇ.