ಎರಡು ಚೀಲ ಮೆಕ್ಕೆಜೋಳ ಹಿಡಿದು ಕ್ರಿಮಿನಲ್ ಕಾನೂನು ಕಲಿಯಿರಿ

ಕಾನೂನು ಓದುವ ಮಕ್ಕಳು ಕಚೇರಿಗೆ ಬಂದಾಗಲೆಲ್ಲ ಕೇಳುವುದು ಒಂದೇ ಪ್ರಶ್ನೆ: "ಸರ್, ಇಷ್ಟು ಸೆಕ್ಷನ್ ನೆನಪಿಟ್ಟುಕೊಳ್ಳೋದು ಹೇಗೆ?" ಅಪರಾಧ, ಶಿಕ್ಷೆ ಹೇಳುವ ನ್ಯಾಯ ಸಂಹಿತೆಯಲ್ಲಿ 358, ತನಿಖೆ, ವಿಚಾರಣೆಯ ಕ್ರಮ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 531, ಸಾಕ್ಷ್ಯದ ನಿಯಮ ಹೇಳುವ ಸಾಕ್ಷ್ಯ ಅಧಿನಿಯಮದಲ್ಲಿ 170. ಸುಮ್ನೆ ಬಾಯಿಪಾಠ ಮಾಡಿದರೆ ಪರೀಕ್ಷೆ ಮುಗಿದ ವಾರಕ್ಕೇ ಮರೆತುಹೋಗುತ್ತವೆ. ಅದರ ಬದಲು ಒಂದು ಚಿಕ್ಕ ಘಟನೆ ಹಿಡಿದುಕೊಳ್ಳಿ. ಅದನ್ನೇ ಠಾಣೆಯಿಂದ ಕೋರ್ಟಿನವರೆಗೆ ನಡೆಸಿಕೊಂಡು ಹೋಗಿ. ಪ್ರತಿ ಹಂತದಲ್ಲೂ ಕೇಳಿಕೊಳ್ಳಿ: ಕಡತ ಈಗ ಯಾರ ಕೈಯಲ್ಲಿದೆ, ಅವರಿಗೆ ಏನು ಅಧಿಕಾರ ಇದೆ?

ಘಟನೆ ಹೀಗಿರಲಿ. ದಾವಣಗೆರೆ ಎಪಿಎಂಸಿ ಯಾರ್ಡ್. ದಲ್ಲಾಳಿ ಅಂಗಡಿ ಮುಂದೆ ಮೆಕ್ಕೆಜೋಳದ ಚೀಲ ಪೇರಿಸಿದ್ದಾರೆ. ರಾತ್ರಿ ಒಬ್ಬ ಹಮಾಲ ಎರಡು ಚೀಲ ತಳ್ಳುಗಾಡಿಗೆ ಹಾಕಿಕೊಂಡು ಹೋದ. ಬೆಲೆ 4,500 ರೂಪಾಯಿ ಅಂದುಕೊಳ್ಳೋಣ.

ಮೊದಲು ತಾರೀಖು ನೋಡಿ. 2024ರ ಜುಲೈ 1ರಿಂದ ಮೇಲಿನ ಮೂರೂ ಹೊಸ ಕಾನೂನು ಜಾರಿಯಲ್ಲಿವೆ. ಕೃತ್ಯ ಅದಕ್ಕಿಂತ ಮೊದಲು ನಡೆದಿದ್ದರೆ 1860ರ ದಂಡ ಸಂಹಿತೆಯೇ ಅನ್ವಯ. ಹಾಗಾಗಿ ಹಳೆಯ ಪುಸ್ತಕವನ್ನು ಈಗಲೇ ಗುಜರಿಗೆ ಹಾಕಬೇಡಿ.

ಎರಡನೆಯದು, ಅಪರಾಧವನ್ನು ಬಿಡಿಸಿ ನೋಡುವುದು. ಇಲ್ಲಿ ಆತುರ ಬೇಡ. ನ್ಯಾಯ ಸಂಹಿತೆಯ 303ನೇ ಸೆಕ್ಷನ್ ಪ್ರಕಾರ ಕಳ್ಳತನಕ್ಕೆ ಐದು ಸಂಗತಿ ಬೇಕು. ವಸ್ತು ಚರಾಸ್ತಿ ಆಗಿರಬೇಕು, ಇನ್ನೊಬ್ಬರ ವಶದಲ್ಲಿರಬೇಕು, ಅವರ ಒಪ್ಪಿಗೆ ಇರಬಾರದು, ಅಪ್ರಾಮಾಣಿಕ ಉದ್ದೇಶ ಇರಬೇಕು, ವಸ್ತುವನ್ನು ಕದಲಿಸಿರಬೇಕು. ಜೋಳ ರೈತನದು, ಆದರೆ ವಶ ದಲ್ಲಾಳಿಯದು. ಕಳ್ಳತನಕ್ಕೆ ವಶವೇ ಮುಖ್ಯ, ಮಾಲೀಕತ್ವ ಅಲ್ಲ. ಅವನು ಯಾರ್ಡಿನ ಗೇಟು ದಾಟುವ ಮೊದಲೇ ಸಿಕ್ಕಿಬಿದ್ದಿದ್ದರೆ? ಆಗಲೂ ಕಳ್ಳತನ ಪೂರ್ತಿಯಾಗಿದೆ. ಕದಿಯುವ ಉದ್ದೇಶದಿಂದ ಚೀಲ ಎತ್ತಿ ಗಾಡಿಗೆ ಹಾಕಿದಾಗಲೇ ಮುಗಿಯಿತು. ಆದರೆ 'ಕೂಲಿ ಬಾಕಿಗೆ ಸಾಹುಕಾರರು ಈ ಚೀಲ ಕೊಟ್ಟಿದ್ದಾರೆ' ಎಂದು ಆ ಹಮಾಲ ನಿಜವಾಗಿಯೂ ನಂಬಿದ್ದರೆ ಅದು ಕಳ್ಳತನವೇ ಅಲ್ಲ. ಕೈ ಮಾಡಿದ ಕೆಲಸ ಒಂದೇ, ಮನಸ್ಸು ಬೇರೆ. ಕೃತ್ಯ ಮತ್ತು ದುರುದ್ದೇಶ ಎರಡೂ ಸೇರಬೇಕು ಅನ್ನುವುದು ಇಷ್ಟೇ.

ಈಗ ಒಂದೊಂದೇ ವಿವರ ಬದಲಿಸಿ. ಚೀಲ ಬಯಲಲ್ಲಿರದೆ ಗೋದಾಮಿನ ಒಳಗಿದ್ದರೆ 305ನೇ ಸೆಕ್ಷನ್. ಒಯ್ದವನು ಅದೇ ಅಂಗಡಿಯ ಗುಮಾಸ್ತನಾಗಿದ್ದರೆ 306. ಎರಡರಲ್ಲೂ ಶಿಕ್ಷೆ 7 ವರ್ಷದವರೆಗೆ ಹೋಗಬಹುದು. ಬಯಲಿನ ಸಾಮಾನ್ಯ ಕಳ್ಳತನಕ್ಕೆ 3 ವರ್ಷದವರೆಗೆ.

ಆಮೇಲೆ ಠಾಣೆ. ಪೊಲೀಸರು ತಾವಾಗಿಯೇ ತನಿಖೆ ಮಾಡಬಹುದಾದ ಅಪರಾಧ ಕಾಗ್ನಿಜಬಲ್. ಅಂಥ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರ ಲಲಿತಾ ಕುಮಾರಿ ತೀರ್ಪಿನಲ್ಲಿ ಹೇಳಿದೆ. ಕಳ್ಳತನ ಸಾಮಾನ್ಯವಾಗಿ ಕಾಗ್ನಿಜಬಲ್. ಆದರೆ ನಮ್ಮ ಚೀಲಗಳ ಬೆಲೆ 5,000ಕ್ಕಿಂತ ಕಡಿಮೆ! ಬೆಲೆ ಅಷ್ಟರೊಳಗಿದ್ದು, ಮೊದಲ ಸಲ ಶಿಕ್ಷೆಗೆ ಒಳಗಾಗುವವನು ಮಾಲು ಅಥವಾ ಅದರ ಬೆಲೆ ಹಿಂದಿರುಗಿಸಿದರೆ ಶಿಕ್ಷೆ ಸಮುದಾಯ ಸೇವೆ. ಅಂಥ ಪ್ರಕರಣವನ್ನು ಸುರಕ್ಷಾ ಸಂಹಿತೆಯ ಮೊದಲ ಅನುಸೂಚಿ ನಾನ್ ಕಾಗ್ನಿಜಬಲ್ ಎಂದು ತೋರಿಸುತ್ತದೆ. ಹಾಗಿದ್ದಾಗ 174ನೇ ಸೆಕ್ಷನ್ ನೋಡಬೇಕು: ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆ ತನಿಖೆ ಇಲ್ಲ. ಅನುಸೂಚಿಯನ್ನು ಹೆಚ್ಚಿನವರು ತೆರೆದೇ ನೋಡುವುದಿಲ್ಲ. ಜಾಮೀನು ಸಿಗುವ ಅಪರಾಧವೋ ಅಲ್ಲವೋ, ಯಾವ ಕೋರ್ಟು ವಿಚಾರಣೆ ಮಾಡಬೇಕು, ಎಲ್ಲ ಅಲ್ಲಿದೆ.

ಮುಂದಿನ ಹಂತಗಳಿಗಾಗಿ ಬೆಲೆಯನ್ನು 9,000ಕ್ಕೆ ಏರಿಸೋಣ. ಈಗ ಎಫ್‌ಐಆರ್ ಆಗುತ್ತದೆ, ದೂರುದಾರರಿಗೆ ಪ್ರತಿ ಉಚಿತ. ದಸ್ತಗಿರಿ ಮಾಡಲೇಬೇಕಾ? ಬೇಕಿಲ್ಲ. ಸುರಕ್ಷಾ ಸಂಹಿತೆಯ 35ನೇ ಸೆಕ್ಷನ್ ಪ್ರಕಾರ ನೋಟಿಸ್ ಕೊಟ್ಟು ಕರೆಸಬಹುದು. ಅನಗತ್ಯ ದಸ್ತಗಿರಿ ಬೇಡ ಎಂದ ಸುಪ್ರೀಂ ಕೋರ್ಟಿನ 2014ರ ಅರ್ನೇಶ್ ಕುಮಾರ್ ತೀರ್ಪು ಓದಿದರೆ ಇದರ ಹಿಂದಿನ ಕಾಳಜಿ ಅರ್ಥವಾಗುತ್ತದೆ. ದಸ್ತಗಿರಿ ಮಾಡಿದರೆ ಕಾರಣ ತಿಳಿಸಬೇಕು. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಇದು ಸಂವಿಧಾನದ 22ನೇ ವಿಧಿಯ ಮಾತು.

ಆರೋಪಿ ಪೊಲೀಸರ ಮುಂದೆ ಹೇಳಿದ್ದು ಏನಾಗುತ್ತದೆ? ನನಗೆ ಪಾಠ ಮಾಡಲು ತುಂಬಾ ಇಷ್ಟವಾದ ಜಾಗ ಇದು. ಒಂದು ಹಾಳೆ, ಪೆನ್ಸಿಲ್ ತಗೊಳ್ಳಿ. ಬರೆಯಿರಿ: 'ನಾನು ಕದ್ದ ಎರಡು ಚೀಲವನ್ನು ಹುಲ್ಲಿನ ಬಣವೆ ಹಿಂದೆ ಬಚ್ಚಿಟ್ಟಿದ್ದೇನೆ, ತೋರಿಸುತ್ತೇನೆ.' ಅವನು ತೋರಿಸಿದ, ಪಂಚರ (ಜಪ್ತಿಗೆ ಸಾಕ್ಷಿಯಾಗಿ ಕರೆದವರ) ಮುಂದೆ ಚೀಲ ಸಿಕ್ಕಿತು. ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್ ಪ್ರಕಾರ ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಅವನ ವಿರುದ್ಧ ಬಳಸುವಂತಿಲ್ಲ. ಆದರೆ ವಸ್ತು ಪತ್ತೆಗೆ ನೇರವಾಗಿ ಕಾರಣವಾದ ಮಾತಷ್ಟನ್ನು ಬಳಸಬಹುದು. ಈಗ 'ನಾನು ಕದ್ದ' ಅನ್ನುವುದರ ಮೇಲೆ ಗೀಟು ಎಳೆಯಿರಿ. ಉಳಿದದ್ದು ಸಾಕ್ಷ್ಯ. ಆ ಉಳಿದ ಮಾತು ಏನನ್ನು ತೋರಿಸುತ್ತದೆ? ಚೀಲ ಎಲ್ಲಿದೆ ಎಂಬುದು ಅವನಿಗೆ ಗೊತ್ತಿತ್ತು ಅಷ್ಟೇ. ಕದ್ದವನು ಅವನೇ ಎಂದು ಅದೊಂದರಿಂದಲೇ ಸಾಬೀತಾಗುವುದಿಲ್ಲ. 1946ರ ಪುಲುಕುರಿ ಕೊಟ್ಟಯ್ಯ ತೀರ್ಪು ಇದನ್ನೇ ಬಿಡಿಸಿ ಹೇಳುತ್ತದೆ. ಹಳೆಯ ಸಾಕ್ಷ್ಯ ಕಾಯ್ದೆಯ 27ನೇ ಸೆಕ್ಷನ್ನೇ ಈಗ 23ರ ಪರಂತುಕವಾಗಿ, ಅಂದರೆ ಅದಕ್ಕೆ ಜೋಡಿಸಿದ ವಿನಾಯಿತಿಯಾಗಿ, ಕೂತಿರುವುದರಿಂದ ಆ ತೀರ್ಪು ಇವತ್ತಿಗೂ ಬೇಕು.

ರಿಮಾಂಡ್‌ಗೆ, ಅಂದರೆ ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಆರೋಪಿಯನ್ನು ಬಂಧನದಲ್ಲಿ ಇಡುವುದಕ್ಕೆ, ಸುರಕ್ಷಾ ಸಂಹಿತೆಯ 187ನೇ ಸೆಕ್ಷನ್. ನಮ್ಮ ಪ್ರಕರಣದಲ್ಲಿ ಆರೋಪಿ ಜೈಲಿನಲ್ಲಿದ್ದು, 60 ದಿನದೊಳಗೆ ದೋಷಾರೋಪ ಪಟ್ಟಿ ಬರದಿದ್ದರೆ ಜಾಮೀನು ಅವನ ಹಕ್ಕು. ಮರಣದಂಡನೆ, ಜೀವಾವಧಿ ಅಥವಾ 10 ವರ್ಷ ಇಲ್ಲವೇ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧವಾದರೆ 90 ದಿನ. ಎಣಿಕೆ ರಿಮಾಂಡ್ ಮಾಡಿದ ದಿನವೂ ಸೇರಿ, ದಸ್ತಗಿರಿಯ ದಿನದಿಂದಲ್ಲ. ಅರ್ಜಿ ಹಾಕದೆ ಸುಮ್ಮನಿದ್ದು, ಅಷ್ಟರಲ್ಲಿ ಪಟ್ಟಿ ಬಂದರೆ ಆ ಹಕ್ಕು ಕೈ ತಪ್ಪುತ್ತದೆ.

ಕೊನೆಗೆ ಕೋರ್ಟು. ವಿಚಾರಣೆ ತೆರೆದ ನ್ಯಾಯಾಲಯದಲ್ಲಿ ನಡೆಯುತ್ತದೆ, ನೀವೂ ಹೋಗಿ ಕೂರಬಹುದು. ಜಿಲ್ಲಾ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತು, ಮಹಜರಿನ ಪಂಚ ಪಾಟಿ ಸವಾಲಿಗೆ ನಿಂತಾಗ ಗಮನವಿಟ್ಟು ಕೇಳಿ. ಸಹಿ ಎಲ್ಲಿ ಹಾಕಿದಿರಿ, ಬಣವೆ ಹತ್ತಿರವೋ ಠಾಣೆಯಲ್ಲೋ? ಚೀಲಕ್ಕೆ ಸೀಲ್ ಹಾಕಿದ್ದರಾ? ವಿಡಿಯೊ ಮಾಡಿದ್ದರಾ? ಜಪ್ತಿಯ ವಿಡಿಯೊ ಈಗ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ನಿನಲ್ಲಿ ಕಡ್ಡಾಯ. ಮನೆಗೆ ಬಂದ ಮೇಲೆ ನಿಮ್ಮ ಹಾಳೆಯಲ್ಲಿ ಆ ಪ್ರಶ್ನೆಗಳ ಎದುರಿಗೆ ಸೆಕ್ಷನ್ ಬರೆಯಿರಿ.