ಯಾವ ಪೀಕ್ ಯಾವ ಕಾರ್ಬನ್ನಿನದು? ವೆನಿಲಿನ್ ಹಿಡಿದು ಕಲಿಯೋಣ

ಶಿರಸಿ ಕಡೆ ಒಂದು ಕಾಲಕ್ಕೆ ಎಷ್ಟೋ ಅಡಿಕೆ ತೋಟದಲ್ಲಿ ವೆನಿಲಾ ಬಳ್ಳಿ ಹಬ್ಬಿತ್ತು, ಅಲ್ವಾ? ಅದರ ಪರಿಮಳದ ಮುಖ್ಯ ಅಂಶ ವೆನಿಲಿನ್. ಎನ್‌ಎಂಆರ್ (ಬಲವಾದ ಅಯಸ್ಕಾಂತದಲ್ಲಿಟ್ಟು ಅಣುವಿನ ಪರಮಾಣುಗಳನ್ನು ಗುರುತಿಸುವ ವಿಧಾನ) ಕಲಿಯುವವರಿಗೆ ನಾನು ಮೊದಲು ಕೊಡುವುದೂ ಇದನ್ನೇ. ಇರುವುದು ಎಂಟೇ ಕಾರ್ಬನ್, ಎಂಟಕ್ಕೂ ಬೇರೆ ಬೇರೆ ಪೀಕ್, ಅಂದರೆ ಗ್ರಾಫಿನಲ್ಲಿ ಮೇಲೇಳುವ ಗೆರೆ, ಕಾಣುತ್ತದೆ.

ಸಿಡಿಸಿಎಲ್3 ಎಂಬ ಸಾಲ್ವೆಂಟಿನಲ್ಲಿ (ವೆನಿಲಿನ್ ಕರಗಿಸುವ ದ್ರವ) ಪೀಕ್‌ಗಳು ಸುಮಾರು 191, 152, 147, 130, 127.5, 114.5, 109 ಮತ್ತು 56 ಪಿಪಿಎಂನಲ್ಲಿ (ಪೀಕ್ ಎಲ್ಲಿದೆ ಎಂದು ಹೇಳುವ ಅಳತೆ) ಬರುತ್ತವೆ. ಮೊದಲು ಸಾಲ್ವೆಂಟಿನ ಮೂರು ಗೆರೆಗಳಲ್ಲಿ ನಡುವಿನದನ್ನು 77.16ಕ್ಕೆ ಕೂರಿಸಿ, ಆಮೇಲೆ ಆ ಮೂರನ್ನೂ ಪಟ್ಟಿಯಿಂದ ತೆಗೆಯಿರಿ. ಇದು ತಪ್ಪಿದರೆ ಮುಂದಿನ ಲೆಕ್ಕವೆಲ್ಲ ಹಾಳು.

ಎಂಟು ಪೀಕನ್ನು ಎಂಟು ಕಾರ್ಬನ್ನಿಗೆ ಹಂಚಲು 40,320 ದಾರಿಗಳಿವೆ. ಒಂದು ಟೇಬಲ್ ಮಾಡಿ. ಸಾಲಿಗೊಂದು ಕಾರ್ಬನ್, ಕಾಲಂಗೊಂದು ಪೀಕ್, ಪ್ರತಿ ಚೌಕದಲ್ಲಿ ಸಾಫ್ಟ್‌ವೇರ್ ಊಹಿಸಿದ ಪಿಪಿಎಂಗೂ ನಿಮ್ಮ ಪೀಕಿಗೂ ಇರುವ ವ್ಯತ್ಯಾಸ. ಒಟ್ಟು ಮೊತ್ತ ಎಲ್ಲಕ್ಕಿಂತ ಕಡಿಮೆ ಬರುವ ಹಂಚಿಕೆಯನ್ನು ಹಂಗೇರಿಯನ್ ಅಲ್ಗಾರಿದಮ್ ಹುಡುಕಿಕೊಡುತ್ತದೆ. ಹೆರಾಲ್ಡ್ ಕೂನ್ 1955ರಲ್ಲಿ ಪ್ರಕಟಿಸಿದ್ದು ಇದು. ಪೈಥಾನ್ ಗೊತ್ತಿದ್ದವರಿಗೆ ಸೈಪೈ ಎಂಬ ಲೈಬ್ರರಿಯ ಲೀನಿಯರ್ ಸಮ್ ಅಸೈನ್‌ಮೆಂಟ್ ಫಂಕ್ಷನ್ ಸಾಕು.

ಆದರೆ ಇಲ್ಲೇ ತುಂಬಾ ಜನ ಎಡವುತ್ತಾರೆ. ಚೌಕದಲ್ಲಿ ಬರೀ ವ್ಯತ್ಯಾಸ ಇಟ್ಟರೆ, ಎರಡೂ ಪಟ್ಟಿಯನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಸುಮ್ನೆ ಎದುರುಬದುರು ಇಟ್ಟರೂ ಅದೇ ಮೊತ್ತ ಬರುತ್ತದೆ. ಅಲ್ಗಾರಿದಮ್ ಏನೂ ಹೊಸದು ಹೇಳಿದಂತಾಗಲಿಲ್ಲ. ನಮ್ಮಲ್ಲಿ ಅಡಿಕೆ ಆರಿಸುವವರು ಗಾತ್ರ ಒಂದನ್ನೇ ನೋಡುತ್ತಾರಾ? ಬಣ್ಣ, ತೂಕ, ಪೊಳ್ಳೋ ಗಟ್ಟಿಯೋ, ಎಲ್ಲ ನೋಡುತ್ತಾರೆ.

ಹಾಗೇ ಡೆಪ್ಟ್-135 ಎಂಬ ಇನ್ನೊಂದು ಎನ್‌ಎಂಆರ್ ಪ್ರಯೋಗವನ್ನೂ ಸೇರಿಸಿ. ಹೈಡ್ರೋಜನ್ ಇಲ್ಲದ ಕಾರ್ಬನ್ ಅದರಲ್ಲಿ ಕಾಣುವುದಿಲ್ಲ. 130 ಮಾಯವಾಗುತ್ತದೆ, 127.5 ಉಳಿಯುತ್ತದೆ, ಊಹೆಯಲ್ಲಿ ಇವೆರಡು ಅದಲು ಬದಲಾಗಿದ್ದರೂ ಈಗ ಸರಿಹೋಗುತ್ತದೆ. ಹೊಂದದ ಜೋಡಿಯ ಚೌಕದಲ್ಲಿ 1000 ಬರೆಯಿರಿ, ಅಲ್ಗಾರಿದಮ್ ಆ ಕಡೆ ಹೋಗುವುದಿಲ್ಲ.

152 ಮತ್ತು 147 ಎರಡೂ ಮಾಯ, ಇಲ್ಲಿ ಡೆಪ್ಟ್ ಸಾಲದು. ಎಚ್‌ಎಂಬಿಸಿ ಪ್ರಯೋಗ ಮಾಡಿ, ಒಂದು ಹೈಡ್ರೋಜನ್ನಿಗೆ ಎರಡು ಮೂರು ಬಂಧ ದೂರದಲ್ಲಿ ಯಾವ ಕಾರ್ಬನ್ ಇದೆ ಎಂದು ಅದು ತೋರಿಸುತ್ತದೆ. ಮೆಥಾಕ್ಸಿ (ಓಸಿಎಚ್3) ಗುಂಪಿನ ಹೈಡ್ರೋಜನ್, ಅಂದರೆ ಹೈಡ್ರೋಜನ್ ಪೀಕ್‌ಗಳಲ್ಲಿ 3.96 ಪಿಪಿಎಂನದ್ದು, 147ರ ಜೊತೆ ಗುರುತು ತೋರಿಸುತ್ತದೆ. ಹಾಗಾದರೆ ಮೆಥಾಕ್ಸಿ ಹೊತ್ತ ಕಾರ್ಬನ್ ಅದೇ, ಓಎಚ್ ಇರುವುದು 152ರಲ್ಲಿ. 114.5 ಮತ್ತು 109ಕ್ಕೆ ಎಚ್‌ಎಸ್‌ಕ್ಯೂಸಿ ನೋಡಿ, ಯಾವ ಹೈಡ್ರೋಜನ್ ಯಾವ ಕಾರ್ಬನ್ನಿಗೆ ನೇರ ಅಂಟಿದೆ ಎಂದು ಅದು ಹೇಳುತ್ತದೆ. 7.04ರಲ್ಲಿರುವ, ಸುಮಾರು 8 ಹರ್ಟ್ಸ್ ಅಗಲದ ಡಬ್ಲೆಟ್ (ಎರಡಾಗಿ ಸೀಳಿದ ಪೀಕ್) 114.5ಕ್ಕೆ ಸೇರುತ್ತದೆ. ಅಷ್ಟು ಅಗಲ ಬರಬೇಕಾದರೆ ಪಕ್ಕದ ಕಾರ್ಬನ್ನಿನಲ್ಲೂ ಹೈಡ್ರೋಜನ್ ಇರಬೇಕು. ಮೆಥಾಕ್ಸಿ ಪಕ್ಕದ ಕಾರ್ಬನ್ನಿಗೆ ಅಂಥ ನೆರೆ ಇಲ್ಲ. ಹಾಗಾಗಿ 114.5 ಓಎಚ್ ಪಕ್ಕದ ಕಾರ್ಬನ್, ಮೆಥಾಕ್ಸಿ ಪಕ್ಕದ್ದು 109.

ಉತ್ತರ ಬಂದ ಮೇಲೆ ಇನ್ನೊಂದು ಕೆಲಸ ಇದೆ, ಇದನ್ನು ದಯವಿಟ್ಟು ಬಿಡಬೇಡಿ. ಆಯ್ಕೆಯಾದ ಜೋಡಿಗಳಲ್ಲಿ ಒಂದಕ್ಕೆ 1000 ಹಾಕಿ ಮತ್ತೆ ಓಡಿಸಿ, ಅದನ್ನು ವಾಪಸ್ ತೆಗೆದು ಮುಂದಿನದಕ್ಕೆ ಹಾಕಿ, ಹೀಗೆ ಎಂಟೂ ಸಲ. ಯಾವುದರಲ್ಲಿ ಮೊತ್ತ ಒಂದೆರಡು ಪಿಪಿಎಂ ಮಾತ್ರ ಏರಿತೋ ಆ ಜೋಡಿ ಇನ್ನೂ ಗಟ್ಟಿಯಾಗಿಲ್ಲ. ರಿಪೋರ್ಟಿನಲ್ಲಿ ಎರಡೂ ಸಾಧ್ಯತೆ ಬರೆಯಿರಿ.